ಹತ್ತು ಕಡೆ ಉಂಟು ಅಂದ್ರೆ ಹತ್ತು ಸಾಕ್ಷಿ ಅಲ್ಲ: ಪ್ರಾಜೆಕ್ಟ್ ಬರೆಯುವವರು ಆಧಾರ ಹುಡುಕುವ ಬಗೆ

ಕಳೆದ ತಿಂಗಳು ಅಕ್ಕನ ಮಗಳು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಂಗಳೂರಿಗೆ ಬಂದವಳು, ಚಪ್ಪಲಿ ಬಿಚ್ಚುವ ಮೊದಲೇ ಬ್ಯಾಗಿನಿಂದ ಪ್ರಾಜೆಕ್ಟ್ ತೆಗೆದು ನನ್ನ ಕೈಗೆ ಕೊಟ್ಟಳು. ಬಿ.ಕಾಂ. ಕೊನೇ ವರ್ಷ. ವಿಷಯ ಕರಾವಳಿಯ ಬ್ಯಾಂಕುಗಳು. ಚಂದದ ಸ್ಪೈರಲ್ ಬೈಂಡಿಂಗ್ ಬೇರೆ. ಎರಡನೇ ಪುಟದಲ್ಲೇ ಸಿಕ್ಕಿತು: ಕೆನರಾ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಯಿತು.

"ಇದು ಎಲ್ಲಿ ಸಿಕ್ಕಿತು ಮಾರಾಯ್ತಿ?"

"ಹತ್ತು ಕಡೆ ಉಂಟು ಮಾವ. ಬೇಕಾದ್ರೆ ತೋರಿಸ್ತೇನೆ."

ತೋರಿಸಿದಳು ಕೂಡ. ಹತ್ತಲ್ಲ, ಆರು ಇತ್ತು. ಆರರಲ್ಲೂ ಅದೇ ವಾಕ್ಯ, ಒಂದೆರಡು ಪದ ಆಚೀಚೆ. ಆ ಬ್ಯಾಂಕು ಶುರು ಮಾಡಿದ ಸುಬ್ಬರಾವ್ ಪೈಗಳ ಊರ ಹೆಸರನ್ನು ಆರೂ ಕಡೆ 'ಅಮ್ಮೆಂಬಾಲ್' ಎಂದು ಬರೆದಿದ್ದರು. ಅಮ್ಮೆಂಬಳ ನಮ್ಮ ಬಂಟ್ವಾಳ ತಾಲೂಕಿನ ಊರು. ಇಲ್ಲಿಯವರು ಯಾರೂ ಅದನ್ನು ಅಮ್ಮೆಂಬಾಲ್ ಎನ್ನುವುದಿಲ್ಲ. ಯಾರೋ ಒಬ್ಬರು ಇಂಗ್ಲಿಷಲ್ಲಿ ಓದಿ ಹಾಗೆ ಬರೆದಿದ್ದಾರೆ, ಉಳಿದ ಐದು ಮಂದಿ ಅವರನ್ನು ನೋಡಿ ಬರೆದಿದ್ದಾರೆ. ಅಂದರೆ ಅವಳ ಹತ್ತಿರ ಇದ್ದದ್ದು ಆರು ಆಧಾರ ಅಲ್ಲ. ಒಂದು. ಅದೂ ತಪ್ಪು.

ಆ ಶನಿವಾರ ಮಧ್ಯಾಹ್ನದಿಂದ ರಾತ್ರಿವರೆಗೆ ನಾವಿಬ್ಬರೂ ಕೂತು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಕಾಲೇಜಿನ ಪ್ರಾಜೆಕ್ಟ್ ಇರಲಿ, ಊರಿನ ದೇವಸ್ಥಾನದ ಸ್ಮರಣ ಸಂಚಿಕೆಗೆ ಲೇಖನ ಇರಲಿ, ದಾರಿ ಒಂದೇ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿ

'ಕರಾವಳಿಯ ಬ್ಯಾಂಕುಗಳು' ಎಂದು ಹುಡುಕಿದರೆ ಸಮುದ್ರವೇ ಬರುತ್ತದೆ. ಅದು ಪ್ರಶ್ನೆಯೇ ಅಲ್ಲ. 1906ರಿಂದ 1931ರ ಒಳಗೆ, ಬರೀ 25 ವರ್ಷದಲ್ಲಿ, ಮುಂದೆ ದೊಡ್ಡದಾಗಿ ಬೆಳೆದ ಐದು ಬ್ಯಾಂಕುಗಳು ಈಗಿನ ದಕ್ಷಿಣ ಕನ್ನಡ, ಉಡುಪಿ ಎರಡೂ ಸೇರಿದ್ದ ನಮ್ಮ ಆಗಿನ ಒಂದೇ ಜಿಲ್ಲೆಯಲ್ಲಿ ಹುಟ್ಟಿದ್ದು ಹೇಗೆ? ಇದು ಪ್ರಶ್ನೆ. ಹೀಗೆ ಕೇಳಿದ ಕೂಡಲೇ ಯಾವುದಕ್ಕೆ ಯಾವ ಆಧಾರ ಬೇಕು ಎಂದು ಗೊತ್ತಾಗುತ್ತದೆ. ಹುಟ್ಟಿದ ವರ್ಷಕ್ಕೆ ದಾಖಲೆ ಬೇಕು. 'ಹೇಗೆ' ಎನ್ನುವುದಕ್ಕೆ ಆ ಕಾಲದ ವ್ಯಾಪಾರ ಬಲ್ಲವರ ಅಧ್ಯಯನ ಬೇಕು. ಪಿಗ್ಮಿ, ಅಂದರೆ ದಿನಾ ಚಿಲ್ಲರೆ ದುಡ್ಡು ಕಟ್ಟುವ ಉಳಿತಾಯ, ಕಟ್ಟಿಸಿಕೊಳ್ಳಲಿಕ್ಕೆ ಮನೆಮನೆಗೆ ಬರುತ್ತಿದ್ದವರು ಹೇಗಿದ್ದರು ಎನ್ನುವುದಕ್ಕೆ ಅಜ್ಜಿಯೇ ಸಾಕು. ಎಲ್ಲದಕ್ಕೂ ಒಂದೇ ವೆಬ್‌ಸೈಟು ಸಾಕಾಗುವುದಿಲ್ಲ.

ಮಾತು ಎಲ್ಲಿ ಹುಟ್ಟಿತು ಎಂದು ಹಿಂದೆ ಹೋಗಿ

ಇದು ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಅನುಮಾನ ಬಂದ ವಾಕ್ಯದ ಏಳೆಂಟು ಪದಗಳನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಗೂಗಲ್ ಮಾಡಿ. ಅಕ್ಷರಕ್ಕೆ ಅಕ್ಷರ ಅದೇ ಇರುವ ಪುಟಗಳೆಲ್ಲ ಸಾಲಾಗಿ ಬರುತ್ತವೆ. ಯಾವುದು ಹಳೆಯದು ನೋಡಿ. ಆ ಹಳೆಯ ಪುಟದವರು ಎಲ್ಲಿಂದ ತಂದೆವು ಎಂದು ಹೇಳಿದ್ದಾರಾ? ಹೇಳಿದ್ದರೆ ಅಲ್ಲಿಗೆ ಹೋಗಿ. ಹೇಳದಿದ್ದರೆ ಆ ಮಾತನ್ನು ಅಲ್ಲೇ ಬಿಡಿ, ಬೇರೆ ದಾರಿ ಹಿಡಿಯಿರಿ. ಒಂದೇ ತಪ್ಪು, ಒಂದೇ ವಿಚಿತ್ರ ಕಾಗುಣಿತ ಎರಡು ಕಡೆ ಕಂಡರೆ ಒಬ್ಬರು ಇನ್ನೊಬ್ಬರದ್ದನ್ನು ಇಳಿಸಿದ್ದಾರೆ ಅಂತಲೇ ಲೆಕ್ಕ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಮೇಷ್ಟ್ರು ಹಿಡಿಯುವುದು ಹೀಗೇ ಅಲ್ವಾ, ಸರಿ ಉತ್ತರದಿಂದ ಅಲ್ಲ, ತಪ್ಪು ಉತ್ತರದಿಂದ.

ನಮ್ಮ ಕೆನರಾ ಬ್ಯಾಂಕಿನ ಸಿಕ್ಕು ಬಿಡಿಸಿದಾಗ ಸಿಕ್ಕಿದ್ದು ಇದು. ಕೆನರಾ ಬ್ಯಾಂಕ್ ಹುಟ್ಟಿದ್ದು ಮಂಗಳೂರಿನಲ್ಲಿ, 1906ರ ಜುಲೈಯಲ್ಲಿ. ಶುರು ಮಾಡಿದವರು ಅಮ್ಮೆಂಬಳ ಸುಬ್ಬರಾವ್ ಪೈಗಳು. ಆಗ ಅದರ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇನ್ನೊಂದು ಬ್ಯಾಂಕು ಕಟ್ಟಿದರು. ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದು. ಎರಡರ ಹೆಸರಲ್ಲೂ ಕೆನರಾ, ಎರಡಕ್ಕೂ 1906. ಅವಸರದಲ್ಲಿ ಓದಿದವರು ಒಂದರ ಹೆಸರಿಗೆ ಇನ್ನೊಂದರ ಊರು ಅಂಟಿಸಿದ್ದಾರೆ.

ಇಷ್ಟಕ್ಕೇ ಮುಗಿಯಲಿಲ್ಲ. 1925ರಲ್ಲಿ ಉಡುಪಿಯಲ್ಲೇ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಮೂರನೆಯ 'ಕೆನರಾ' ಶುರುವಾಯಿತು. ಅದೇ ಸಿಂಡಿಕೇಟ್ ಬ್ಯಾಂಕ್, ಪಿಗ್ಮಿ ತಂದವರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಹೋಗಿ ಕೆನರಾ ಬ್ಯಾಂಕಿಗೆ ಸೇರಿತು, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಇನ್ನು ಹತ್ತು ವರ್ಷ ಬಿಟ್ಟು ಬರೆಯುವವರ ಗತಿ ನೆನೆಸಿಕೊಳ್ಳಿ.

ಉಳಿದೆರಡು ಮಂಗಳೂರಿನವು: ಕರ್ಣಾಟಕ ಬ್ಯಾಂಕ್ 1924, ವಿಜಯಾ ಬ್ಯಾಂಕ್ 1931. ಇವುಗಳಲ್ಲಿ ಗೊಂದಲ ಇರಲಿಲ್ಲ.

ಹೇಳುವವರು ಯಾರು, ಯಾವುದಕ್ಕೆ ಅವರನ್ನು ನಂಬಬಹುದು

ಬಂಗುಡೆ ತಕ್ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಬರಹಕ್ಕೂ ಕಿವಿರು ಇದೆ. ಬರೆದವರ ಹೆಸರು ಇದೆಯಾ, ಆ ವಿಷಯದಲ್ಲಿ ಅವರು ಕೆಲಸ ಮಾಡಿದ್ದಾರಾ, ಯಾವಾಗ ಬರೆದದ್ದು, ಯಾಕೆ ಬರೆದದ್ದು. ಎರಡು ನಿಮಿಷದ ಕೆಲಸ.

ಆದರೆ 'ಇದು ನಂಬಬಹುದು, ಅದು ನಂಬಬಾರದು' ಎಂದು ಎರಡು ರಾಶಿ ಹಾಕಬೇಡಿ. ಅದು ಹಾಗೆ ಕೆಲಸ ಮಾಡುವುದಿಲ್ಲ. ಬ್ಯಾಂಕು ತಾನೇ ಹೊರತಂದ ಇತಿಹಾಸದ ಪುಸ್ತಕ, ವಾರ್ಷಿಕ ವರದಿ ಇರುತ್ತದಲ್ಲ, ಸ್ಥಾಪನೆಯ ದಿನ, ಹಳೆಯ ಹೆಸರು, ಮೊದಲ ಶಾಖೆ ಇವಕ್ಕೆ ಅದು ಒಳ್ಳೆಯ ಆಧಾರ. 'ಬಡವರ ಉದ್ಧಾರಕ್ಕಾಗಿಯೇ ಹುಟ್ಟಿದ ಬ್ಯಾಂಕ್' ಎನ್ನುವುದಕ್ಕೆ ಅಲ್ಲ. ತನ್ನ ಮಗುವನ್ನು ತಾನೇ ಹೊಗಳುವುದು ಎಲ್ಲರ ಅಭ್ಯಾಸ.

ನಮ್ಮದೇ ಊರಿನ ಇನ್ನೊಂದು ಉದಾಹರಣೆ. 1837ರಲ್ಲಿ ಸುಳ್ಯದ ಕಡೆಯಿಂದ ರೈತರು ದಂಡು ಕಟ್ಟಿಕೊಂಡು ಬಂದು ಮಂಗಳೂರನ್ನೇ ಹಿಡಿದರು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ನಮ್ಮ ಹಿರಿಯರ ಬಾಯಲ್ಲಿ ಅದು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಏನೋ ಲೂಟಿ ಗಲಾಟೆ ಎನ್ನುವ ಧಾಟಿ. ಈಗ ಬರೆಯುವವರು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಎನ್ನುತ್ತಾರೆ. ಬ್ರಿಟಿಷರ ಕಾಗದಗಳಲ್ಲಿ ಅವರು ದಂಗೆಕೋರರು. ಹೆಸರಲ್ಲೇ ತೀರ್ಪು ಇದೆ ನೋಡಿ. ಹಾಗಂತ ಬ್ರಿಟಿಷ್ ಕಾಗದ ಎಸೆಯಬೇಕಾ? ಬೇಡ. ಯಾವ ದಿನ ಸೈನ್ಯ ಎಲ್ಲಿತ್ತು ಎನ್ನುವುದನ್ನು ಅವರಷ್ಟು ಶಿಸ್ತಾಗಿ ಬರೆದಿಟ್ಟವರು ಬೇರೆ ಇಲ್ಲ. ರೈತರು ಯಾಕೆ ಎದ್ದರು ಎಂದು ಕೇಳಲಿಕ್ಕೆ ಮಾತ್ರ ಅವರ ಹತ್ತಿರ ಹೋಗಬೇಡಿ. ಹೋದರೂ ಅವರ ಉತ್ತರ ಅವರದ್ದು ಎಂದು ಬರೆದುಕೊಳ್ಳಿ.

ಪತ್ರಿಕೆಗಳ ವಿಷಯವೂ ಹೀಗೇ. ಅವತ್ತಿನ ದಿನ ಏನಾಯಿತು, ಜನ ಏನು ಮಾತಾಡಿಕೊಂಡರು ಎನ್ನುವುದಕ್ಕೆ ಅವತ್ತಿನ ಪತ್ರಿಕೆಯೇ ಬೇಕು. ಕೊನೆಯ ಲೆಕ್ಕಕ್ಕೆ, ಕಾರಣಕ್ಕೆ ಅದು ಸಾಲದು. 2010ರ ಮೇ 22ರ ಬಜ್ಪೆ ವಿಮಾನ ದುರಂತ ಆದಾಗ ಎಲ್ಲರ ಬಾಯಲ್ಲೂ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇಯದ್ದೇ ಮಾತು. ಆಮೇಲೆ ಬಂದ ತನಿಖಾ ವರದಿ ನೇರ ಕಾರಣವಾಗಿ ಹೇಳಿದ್ದು ಬೇರೆ: ವಿಮಾನ ಸರಿಯಾದ ಎತ್ತರದಲ್ಲಿ, ಹದದಲ್ಲಿ ಇಳಿಯುತ್ತಿಲ್ಲ ಎಂದು ಸಹ ಪೈಲಟ್ ಮತ್ತೆ ಮೇಲೇರಲು ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ತೀರಿಹೋದವರು 158, ಉಳಿದವರು 8. ಇಂಥದ್ದನ್ನು ಬರೆಯುವಾಗ ಮರುದಿನದ ಪತ್ರಿಕೆಯನ್ನಲ್ಲ, ವರದಿಯನ್ನು ತೆಗೆಯಿರಿ.

ಹಳೆಯ ಹೆಸರು, ಹಳೆಯ ಗಡಿ ತಿಳಿದುಕೊಳ್ಳಿ

ನಮ್ಮ ಕಡೆಯ ವಿಷಯ ಬರೆಯುವವರು ಎಡವುವುದು ಇಲ್ಲೇ ಜಾಸ್ತಿ.

ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟಿನಲ್ಲಿ. 1991ರ ಜನಗಣತಿಯ ಮೂಲ ಪುಸ್ತಕದಲ್ಲಿ ಉಡುಪಿ ಜಿಲ್ಲೆ ಹುಡುಕಿದರೆ ಇರುವುದೇ ಇಲ್ಲ, ಅದು ದಕ್ಷಿಣ ಕನ್ನಡದ ಒಳಗೆ ಉಂಟು. ಹಾಗಾಗಿ 1991ರ ದಕ್ಷಿಣ ಕನ್ನಡದ ಜನಸಂಖ್ಯೆಯನ್ನು 2011ರ ದಕ್ಷಿಣ ಕನ್ನಡದ 20,89,649ರ ಪಕ್ಕದಲ್ಲಿಟ್ಟು 'ಜನಸಂಖ್ಯೆ ಇಳಿದಿದೆ' ಎಂದು ಬರೆದರೆ ನಗೆಪಾಟಲು. ಇಳಿದದ್ದಲ್ಲ, ಒಂದು ಜಿಲ್ಲೆಯೇ ಹೊರಗೆ ಹೋಗಿದೆ. 2011ರಲ್ಲಿ ಉಡುಪಿ ಜಿಲ್ಲೆಯದ್ದು 11,77,361. ಎರಡನ್ನೂ ಕೂಡಿಸಿ ಆಮೇಲೆ ಹೋಲಿಸಿ. ಇನ್ನೂ ಹಿಂದಕ್ಕೆ, 1951ಕ್ಕೆ ಹೋದರೆ ಕಾಸರಗೋಡು ಕೂಡ ನಮ್ಮದೇ ಸೌತ್ ಕೆನರಾ ಜಿಲ್ಲೆಯಲ್ಲಿತ್ತು, 1956ರಲ್ಲಿ ಕೇರಳಕ್ಕೆ ಹೋಯಿತು. ತಾಲೂಕುಗಳ ಕತೆಯೂ ಅಷ್ಟೇ. 2011ರ ಲೆಕ್ಕದಲ್ಲಿ ಉಡುಪಿ ಜಿಲ್ಲೆಗೆ ಮೂರೇ ತಾಲೂಕು. ಈಗ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಸೇರಿ ಏಳು.

ಅಂದ ಹಾಗೆ, 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಹಾಗಾಗಿ ಇಂಟರ್ನೆಟ್ಟಲ್ಲಿ 'ಉಡುಪಿಯ 2023ರ ಜನಸಂಖ್ಯೆ' ಎಂದು ಕೊನೇ ಅಂಕಿಯವರೆಗೆ ಬರೆದದ್ದು ಕಂಡರೆ ಅದು ಯಾರೋ ಕೂತು ಮಾಡಿದ ಅಂದಾಜು. ತಲೆ ಎಣಿಸಿದ್ದಲ್ಲ.

ಗಡಿಯ ಹಾಗೆ ಕಾಗುಣಿತವೂ ಬದಲಾಗಿದೆ. ಇಂಗ್ಲಿಷಲ್ಲಿ ಹುಡುಕುವಾಗ ಬರೀ ಮಂಗಳೂರು, ಉಡುಪಿ ಎಂದು ಟೈಪ್ ಮಾಡಿದರೆ ಹೊಸದಷ್ಟೇ ಬರುತ್ತದೆ. ಮ್ಯಾಂಗಲೋರ್ ಎಂದು ಹುಡುಕಿ, ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ ಮಾತ್ರ. ಉಡಿಪಿ ಎಂದು ಹುಡುಕಿ. ಕೆನರಾವನ್ನು 'ಸಿ'ಯಿಂದಲೂ 'ಕೆ'ಯಿಂದಲೂ ಹುಡುಕಿ. ಕುಂದಾಪುರವನ್ನು ಬ್ರಿಟಿಷರು ಕೂಂಡಾಪೂರ್ ಎಂದು ಬರೆಯುತ್ತಿದ್ದರು, ಬಸ್ರೂರು ಪೋರ್ಚುಗೀಸರ ಬಾಯಲ್ಲಿ ಬಾರ್ಸೆಲೋರ್. ನನ್ನ ಅಕ್ಕನ ಮಗಳು ಉಡಿಪಿ ಎಂದು ಹಾಕಿ ಹುಡುಕಿದ್ದೇ ತಡ, ಅದುವರೆಗೆ ಕಣ್ಣಿಗೇ ಬೀಳದ ಹಳೆಯ ಪುಸ್ತಕಗಳು ಮೇಲೆದ್ದು ಬಂದವು.

1956ರವರೆಗೆ ನಾವು ಮದ್ರಾಸಿಗೆ ಸೇರಿದವರು ಎನ್ನುವುದನ್ನೂ ಮರೆಯಬೇಡಿ. ಆ ಕಾಲದ ಸರ್ಕಾರಿ ಕಡತ ಬೇಕಿದ್ದರೆ ಬೆಂಗಳೂರಲ್ಲಿ ಹುಡುಕಿ ಸುಸ್ತಾಗುವ ಬದಲು ಚೆನ್ನೈನ ಪತ್ರಾಗಾರವನ್ನು ಮೊದಲು ನೋಡಿ. ಉತ್ತರ ಕನ್ನಡದ್ದಾದರೆ ಮುಂಬಯಿ, ಅದು 1862ರಲ್ಲೇ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಆದರೆ ಮೊದಲೇ ಅಲ್ಲಿಗೆಲ್ಲ ಓಡಬೇಡಿ. ಸ್ಟರಾಕ್ ಬರೆದ 1894ರ ಸೌತ್ ಕೆನರಾ ಮ್ಯಾನುಯಲ್, 1800-01ರಲ್ಲಿ ಇಲ್ಲೆಲ್ಲ ಓಡಾಡಿ ಬೆಳೆ, ಬೆಲೆ, ಜನಜೀವನ ಬರೆದಿಟ್ಟ ಬುಕಾನನ್ನನ ಪ್ರವಾಸ ಕಥನ ಎರಡೂ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತವೆ. ತುಳು ಪದದ ಅರ್ಥ, ಬಳಕೆ ಬೇಕಿದ್ದರೆ ವಾಟ್ಸಾಪ್ ಬಿಟ್ಟು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು ನೋಡಿ.

ವಿಕಿಪೀಡಿಯ, ಎ.ಐ., ಜರ್ನಲ್

ವಿಕಿಪೀಡಿಯ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ನೋಡುತ್ತೇನೆ. ಆದರೆ ಓದುವುದು ಕೆಳಗಿನಿಂದ ಮೇಲಕ್ಕೆ, ಅಂದರೆ ಮೊದಲು ಅಡಿಟಿಪ್ಪಣಿ. ಅಲ್ಲಿ ಕೊಟ್ಟ ಪುಸ್ತಕ ತೆರೆದು, ಆ ಪುಟದಲ್ಲಿ ಆ ಮಾತು ನಿಜವಾಗಿ ಇದೆಯಾ ನೋಡಿ. ಇದ್ದರೆ ನಿಮ್ಮ ಆಧಾರ ಆ ಪುಸ್ತಕ. ಎಷ್ಟೋ ಸಲ ಇರುವುದಿಲ್ಲ.

ಎ.ಐ. ಚಾಟ್‌ಬಾಟ್ ಹತ್ತಿರ ಆಧಾರ ಕೇಳುವುದು ಈಗಿನ ಮಕ್ಕಳ ಅಭ್ಯಾಸ. ಇವಳೂ ಕೇಳಿದ್ದಳು. ಲೇಖಕರು, ವರ್ಷ, ಪ್ರಕಾಶಕರು, ಪುಟಸಂಖ್ಯೆ ಸಮೇತ ಒಂದು ಪುಸ್ತಕದ ಹೆಸರು ಬಂತು. ಯಾವ ಗ್ರಂಥಾಲಯದ ಪಟ್ಟಿಯಲ್ಲೂ ಅಂಥ ಪುಸ್ತಕ ಇಲ್ಲ. ಅದು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಪಾಪ, ಪುಸ್ತಕದ ಹೆಸರು ಹೇಗಿರುತ್ತದೋ ಹಾಗೆ ಒಂದು ಹೆಣೆದು ಕೊಟ್ಟಿದೆ. ಎಲ್ಲಿ ಹುಡುಕಬೇಕು ಎಂದು ಕೇಳಲಿಕ್ಕೆ ಅಡ್ಡಿಯಿಲ್ಲ. ಕೈಯಲ್ಲಿ ಹಿಡಿದು ಅಥವಾ ಪರದೆ ಮೇಲೆ ಪುಟ ತೆರೆದು ನೋಡದ ಯಾವುದನ್ನೂ ಪ್ರಾಜೆಕ್ಟಿನ ಕೊನೆಯಲ್ಲಿ ಬರೆಯಬೇಡಿ, ಅಷ್ಟೇ.

ಸಂಶೋಧನ ಪ್ರಬಂಧ ಬೇಕಿದ್ದರೆ ಗೂಗಲ್ ಸ್ಕಾಲರ್ ಇದೆ, ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಶೋಧಗಂಗಾದಲ್ಲಿ ಗುಣಮಟ್ಟ ಒಂದೊಂದು ಒಂದೊಂದು ಥರ. ಆದರೆ ಕೊನೆಯ ಗ್ರಂಥಸೂಚಿ ಮಾತ್ರ ಚಿನ್ನ, ನಾಲ್ಕೈದು ವರ್ಷ ಒಬ್ಬರು ಸುತ್ತಾಡಿ ಹುಡುಕಿದ ಪಟ್ಟಿ ನಿಮಗೆ ಸುಮ್ನೆ ಸಿಗುತ್ತದೆ. ಜರ್ನಲ್ ಅಂದ ಕೂಡಲೇ ಕೈಮುಗಿಯಬೇಡಿ. ದುಡ್ಡು ಕೊಟ್ಟರೆ ಒಂದೇ ವಾರದಲ್ಲಿ ಏನು ಬೇಕಾದರೂ ಛಾಪಿಸುವ ಜರ್ನಲ್‌ಗಳು ಬೇಕಾದಷ್ಟಿವೆ. ಒಳ್ಳೆಯ ಜರ್ನಲ್‌ನಲ್ಲಿ ಬಂದದ್ದೂ ಆಮೇಲೆ ವಾಪಸ್ ಹೋಗುವುದುಂಟು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನ ಬಂದದ್ದು ದಿ ಲ್ಯಾನ್ಸೆಟ್‌ನಲ್ಲಿ, 12 ಮಕ್ಕಳನ್ನು ನೋಡಿ ಬರೆದದ್ದು. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂದಕ್ಕೆ ಪಡೆಯಿತು. ಈಗಲೂ ಅದನ್ನೇ ಫಾರ್ವರ್ಡ್ ಮಾಡುವವರು ಇದ್ದಾರೆ.

ಹಿರಿಯರನ್ನು ಕೇಳುವಾಗ

ಇಲ್ಲಿ ನನ್ನದೇ ಒಂದು ಅವಾಂತರ ಹೇಳಬೇಕು. ಕೆಲವು ವರ್ಷದ ಹಿಂದೆ ನೇತ್ರಾವತಿ ದಡದ ಒಂದು ಹಳ್ಳಿ ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಬರೆದೆ. ಈಗಿನ ಕಟ್ಟಡ ಯಾವಾಗ ಆದದ್ದು ಎಂದು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದ್ದೆ. "ಬೊಳ್ಳ ಬಂದ ಮರು ವರ್ಷ" ಎಂದರು. ಬೊಳ್ಳ ಅಂದರೆ ನೆರೆ. ನಮ್ಮ ಕಡೆ 1923ರ ನೆರೆ ಹೆಸರುವಾಸಿ, ಮಾರಿ ಬೊಳ್ಳ ಎಂದೇ ಅದರ ಹೆಸರು. ಹಿಂದೆಮುಂದೆ ನೋಡದೆ 1924 ಎಂದು ಬರೆದುಬಿಟ್ಟೆ. ಅವರು ಹೇಳಿದ್ದು 1974ರ ನೆರೆ! ಕಟ್ಟಡ ಆದದ್ದು 1975. ಬರೋಬ್ಬರಿ 51 ವರ್ಷದ ವ್ಯತ್ಯಾಸ. ತಮಾಷೆ ಎಂದರೆ ಮುಂದೆ ಯಾರೋ ಊರಿನ ಬಗ್ಗೆ ಬರೆಯುತ್ತಾ ನನ್ನ ಲೇಖನವನ್ನೇ ಆಧಾರ ಮಾಡಿಕೊಂಡರು, ಇನ್ನೊಬ್ಬರು ಅದನ್ನು ನೋಡಿ ಬರೆದರು, ಕೊನೆಗೆ ಒಂದು ದಿನ ಒಬ್ಬ ಹುಡುಗ ನನಗೇ ಬಂದು "ಎರಡು ಕಡೆ ಉಂಟು ಸಾರ್, 1924 ಗ್ಯಾರಂಟಿ" ಎಂದ.

ಈಗ ನಾನು ಕೇಳುವ ಕ್ರಮ ಬೇರೆ. "ನೀವು ಕಣ್ಣಾರೆ ಕಂಡದ್ದಾ, ಯಾರಾದರೂ ಹೇಳಿದ್ದಾ?" ಇದು ಮೊದಲ ಪ್ರಶ್ನೆ. ಆಮೇಲೆ "ಆಗ ನಿಮಗೆಷ್ಟು ಪ್ರಾಯ, ಯಾವ ಕ್ಲಾಸು, ಅಕ್ಕನ ಮದುವೆ ಆಗಿತ್ತಾ?" ಹೀಗೆ ಎರಡು ಮೂರು ಕಡೆಯಿಂದ ಹಗ್ಗ ಕಟ್ಟಿದರೆ ವರ್ಷ ಎಲ್ಲಿಗೂ ಓಡುವುದಿಲ್ಲ. ಮಾತಾಡಿದ ದಿನ, ಜಾಗ ಬರೆದುಕೊಳ್ಳಿ. ಹೆಸರು ಹಾಕಬಹುದಾ ಎಂದು ಕೇಳಿ. ರೆಕಾರ್ಡ್ ಮಾಡುವುದಾದರೆ ಫೋನು ಕದ್ದು ಇಡಬೇಡಿ, ಎದುರಿಗೇ ಇಡಿ.

ವಸ್ತುಗಳಿಗೂ ಇದೇ ನ್ಯಾಯ. ಹಳೆಯ ಮನೆಯ ಮಾಡಿನಿಂದ ಇಳಿಸಿದ ಮಂಗಳೂರು ಹಂಚಿನ ಬೆನ್ನಲ್ಲಿ ಕಾರ್ಖಾನೆಯ ಹೆಸರು, 1865 ಎಂಬ ಅಂಕಿ ಕಂಡರೆ ಮನೆಗೆ 150 ವರ್ಷ ದಾಟಿತು ಎಂದು ಕುಣಿಯಬೇಡಿ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹಾಕಿದ ವರ್ಷವೇ 1865. ಆ ಅಂಕಿ ಕಾರ್ಖಾನೆಯದ್ದಿರಬಹುದು, ಹಂಚು ಸುಟ್ಟ ವರ್ಷದ್ದೇ ಆಗಬೇಕೆಂದಿಲ್ಲ. ಮೇಲಾಗಿ ಒಂದು ಮನೆಯ ಹಂಚು ಇಳಿಸಿ ಇನ್ನೊಂದಕ್ಕೆ ಹೊದೆಸುವುದು ನಮ್ಮಲ್ಲಿ ಮಾಮೂಲು.

ಬರೆದಿಟ್ಟುಕೊಳ್ಳುವುದು, ಕಚೇರಿಗೆ ಹೋಗುವುದು

ಓದುವಾಗಲೇ ಬರೆದುಕೊಳ್ಳಿ: ಪುಸ್ತಕ, ಮುದ್ರಣದ ವರ್ಷ, ಪುಟ. ವೆಬ್ ಪುಟವಾದರೆ ನೋಡಿದ ದಿನಾಂಕ, ಜೊತೆಗೆ ವೆಬ್ ಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮೆಷಿನ್ ತಾಣದಲ್ಲಿ ಒಂದು ಪ್ರತಿ ಉಳಿಸಿ. ಆಮೇಲೆ ಹುಡುಕುತ್ತೇನೆ ಎಂದವರು ಹುಡುಕಿದ್ದನ್ನು ನಾನು ಕಂಡಿಲ್ಲ. ಎರಡು ಒಳ್ಳೆಯ ಆಧಾರಗಳು ಎರಡು ಬೇರೆ ಮಾತು ಹೇಳಿದರೆ ಎರಡನ್ನೂ ಬರೆಯಿರಿ, ಯಾಕೆ ಒಂದರ ಕಡೆ ವಾಲುತ್ತೀರಿ ಎಂದು ಒಂದು ಸಾಲು ಸೇರಿಸಿ. ಅದರಿಂದ ಮಾರ್ಕು ಕಡಿಮೆ ಆಗುವುದಿಲ್ಲ.

ಸರ್ಕಾರಿ ಕಚೇರಿಯ ಮಾಹಿತಿ ಬಾಯಿಮಾತಲ್ಲಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಪ್ರಾಜೆಕ್ಟ್ ಕೊಡಲಿಕ್ಕೆ ವಾರ ಇರುವಾಗ ಅರ್ಜಿ ಹಾಕಿ ಪ್ರಯೋಜನ ಇಲ್ಲ, ಶುರುವಲ್ಲೇ ಹಾಕಿ. ಯಾವ ವರ್ಷದ, ಯಾವ ಕಡತದ ಪ್ರತಿ ಬೇಕು ಎಂದು ಸರಿಯಾಗಿ ಬರೆಯಿರಿ. 'ಯಾಕೆ ಹೀಗಾಯಿತು' ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಹಳೆಯ ದಾಖಲೆ ಇಡುವ ಜಾಗಕ್ಕೆ ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಕಾಲೇಜಿನಿಂದ ಒಂದು ಪತ್ರ, ಗುರುತಿನ ಚೀಟಿ ಇರಲಿ. ಮಳೆಗಾಲದಲ್ಲಾದರೆ ಒದ್ದೆ ಕೊಡೆ ಹೊರಗೇ ಬಿಡಿ, ಕಾಗದಕ್ಕೆ ಒಂದು ಹನಿ ಬಿದ್ದರೂ ಮುಂದಿನ ಸಲ ಒಳಗೆ ಬಿಡುವುದಿಲ್ಲ. ಮತ್ತೆ ಪೆನ್ಸಿಲ್ ತಕ್ಕೊಂಡು ಹೋಗಿ, ಒಂದಲ್ಲ ಎರಡು. ಸುಮಾರು ಕಡೆ ಪೆನ್ನು ತೆಗೆಯಲಿಕ್ಕೇ ಬಿಡುವುದಿಲ್ಲ.